ಮೆಟ್ರಿಕ್ ದಾಟಿದ ಮೇಲಿನ ಹೊಸ್ತಿಲು

ರಾಯಚೂರು ನಿಜಾಮರ ಸೀಮೆಯಲ್ಲಿದ್ದಾಗ ಮೆಟ್ರಿಕ್ ಮುಗಿಸಿದವರ ಮುಂದಿದ್ದದ್ದು ಎರಡು ವರ್ಷದ ಇಂಟರ್‌ಮೀಡಿಯೆಟ್. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರೂ, ಅದೇ ಜಿಲ್ಲೆಯ ದೇವದುರ್ಗ, ಮಾನ್ವಿಯ ಕನ್ನಡದ ಮಕ್ಕಳಿಗೆ ಉನ್ನತ ಶಿಕ್ಷಣ ಪರಭಾಷೆಯ ಆಚೆಗೇ ಉಳಿಯಿತು. 1956ರ ಏಕೀಕರಣದ ನಂತರ ಒಂದು ವರ್ಷದ ಪಿಯುಸಿ, 1970ರ ದಶಕದಲ್ಲಿ ಎರಡು ವರ್ಷದ ಪಿಯುಸಿ ಬಂದವು. ನೆರೆಯ ತೆಲಂಗಾಣದಲ್ಲಿ ಇಂದಿಗೂ ಅದು ಇಂಟರ್‌ಮೀಡಿಯೆಟ್. ನನ್ನ ಮಟ್ಟಿಗೆ, ಈ ಕೋರ್ಸುಗಳನ್ನು ಹೋಲಿಸಬೇಕಾದದ್ದು ಹೆಸರಿನಿಂದಲ್ಲ, ವರ್ಷಗಳಿಂದಲೂ ಅಲ್ಲ, ಕಲಿಸುವ ಭಾಷೆಯಿಂದ.

ಉರ್ದು ಹೋಯಿತಲ್ಲ, ಇನ್ನೇನು ತಕರಾರು ಎನ್ನಬಹುದು. ಆದರೆ ಮಾನ್ವಿಯ ಹಳ್ಳಿಶಾಲೆಯಲ್ಲಿ ಬೆಳಕಿನ ವಕ್ರೀಭವನದ ಚಿತ್ರ ಬಿಡಿಸಿ ಕನ್ನಡದಲ್ಲಿ ವಿವರಿಸಿದ ಹುಡುಗಿ, ಪಿಯು ವಿಜ್ಞಾನಕ್ಕೆ ಸೇರಿದ ಕೂಡಲೇ ಅದೇ ಚಿತ್ರವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕು. ವೈದ್ಯಕೀಯಕ್ಕೆ ಇಂಗ್ಲಿಷ್ ಬೇಕೇಬೇಕು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯೇ 2017ರಿಂದ ಕನ್ನಡದಲ್ಲೂ ಇದೆ. ಸಂವಿಧಾನದ 371ಜೆ ವಿಧಿ ಈ ಭಾಗಕ್ಕೆ ಸೀಟು ಮೀಸಲಿಟ್ಟಿದೆ, ಸರಿ. ಆ ಸೀಟಿನವರೆಗೆ ಮಕ್ಕಳು ತಲುಪಲು ಪ್ರಥಮ ಪಿಯುಸಿಯಲ್ಲಿ ಎರಡೂ ಭಾಷೆಯ ಪಾಠ ಬೇಕು. ಸರ್ಕಾರ ಅದನ್ನು ದೇವದುರ್ಗ, ಮಾನ್ವಿಯಿಂದಲೇ ಶುರುಮಾಡಲಿ.