ದಿಢೀರ್ ಸಿಗಡಿ ಖಾರ ಹುರಿ: ಒಲೆಯ ಮೇಲೆ ಮೂರೇ ನಿಮಿಷ

ಸಂಜೆಯ ಮಳೆಗೆ ಖಾರವಾದ ತಿನಿಸನ್ನು ಬಯಸುವ ಮತ್ಸ್ಯಪ್ರಿಯರಿಗೆ ಸಿಗಡಿಯಷ್ಟು ಬೇಗ ಒದಗುವ ಪದಾರ್ಥ ವಿರಳ. ತುಳುವರು ಎಟ್ಟಿ, ಕೊಂಕಣಿಗರು ಸುಂಗಟ, ಕುಂದಾಪುರದವರು ಚಟ್ಲಿ ಎಂದು ಕರೆಯುವ ಸಿಗಡಿಯು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಿಗೆ ಊರಿನ ನೆನಪೂ ಹೌದು. ಆದರೆ ಮಂಗಳೂರಿನ ಕಡಲು ಇಲ್ಲಿಂದ ಸುಮಾರು 350 ಕಿ.ಮೀ. ದೂರ. ಹೀಗಾಗಿ ಈ ತಿನಿಸಿನ ರುಚಿ ಒಲೆಯ ಮುಂದಲ್ಲ, ಮೀನಿನ ಅಂಗಡಿಯಲ್ಲೇ ನಿರ್ಧಾರವಾಗುತ್ತದೆ.

ಕೊಳ್ಳುವಾಗ ಗಮನಿಸಿ

ತಾಜಾ ಸಿಗಡಿಯ ಚಿಪ್ಪು ಹೊಳೆಯುತ್ತದೆ, ತಲೆ ದೇಹಕ್ಕೆ ಬಿಗಿಯಾಗಿ ಅಂಟಿರುತ್ತದೆ, ಕಡಲ ನೀರಿನ ತೆಳು ವಾಸನೆ ಮಾತ್ರ ಇರುತ್ತದೆ. ಮೂಗಿಗೆ ರಾಚುವ ಅಮೋನಿಯಾ ವಾಸನೆ, ಕಪ್ಪು ಕಲೆ, ಲೋಳೆ ಕಂಡರೆ ಕೊಳ್ಳಬಾರದು. ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಆಂಧ್ರಪ್ರದೇಶದ ಕೊಳಗಳಲ್ಲಿ ಸಾಕಿದ ವನ್ನಾಮಿ ಸಿಗಡಿ ಅಥವಾ ಶೀತಲೀಕರಿಸಿದ ಸಿಗಡಿಯನ್ನು ಬಳಸಬಹುದು. ಶೀತಲೀಕರಿಸಿದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗದಲ್ಲಿರಿಸಿ ಕರಗಿಸಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಬೇಕಾಗುವ ಸಾಮಗ್ರಿಗಳು

ಚಿಪ್ಪುಸಹಿತ ಸಿಗಡಿ - 500 ಗ್ರಾಂ (ಶುಚಿಗೊಳಿಸಿದ ಮೇಲೆ ಸುಮಾರು ಅರ್ಧದಷ್ಟು ಉಳಿಯುತ್ತದೆ)
ಬ್ಯಾಡಗಿ ಮೆಣಸಿನಕಾಯಿ - 6
ಗುಂಟೂರು ಮೆಣಸಿನಕಾಯಿ - 2
ಕೊತ್ತಂಬರಿ ಬೀಜ, ಕಾಳುಮೆಣಸು - ತಲಾ 1 ಟೀ ಚಮಚ
ಜೀರಿಗೆ - ಅರ್ಧ ಟೀ ಚಮಚ
ಬೆಳ್ಳುಳ್ಳಿ - 6 ಎಸಳು
ಹುಣಸೆಹಣ್ಣು - ಅಡಿಕೆ ಗಾತ್ರ
ಅಕ್ಕಿ ಹಿಟ್ಟು - 1 ದೊಡ್ಡ ಚಮಚ
ತೆಂಗಿನೆಣ್ಣೆ - 3 ದೊಡ್ಡ ಚಮಚ
ಅರಿಶಿನ, ಉಪ್ಪು, ಕರಿಬೇವು

2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಹೆಚ್ಚಾಗಿ ಬಣ್ಣವನ್ನು. ಖಾರಕ್ಕಾಗಿ ಗುಂಟೂರು ತಳಿ ಬೇಕು.

ಮಾಡುವ ವಿಧಾನ

ಮೆಣಸಿನಕಾಯಿ ಮತ್ತು ಹುಣಸೆಹಣ್ಣನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ. ಅಷ್ಟರಲ್ಲಿ ಸಿಗಡಿಯ ತಲೆ ಹಾಗೂ ಚಿಪ್ಪನ್ನು ತೆಗೆದು, ಬೆನ್ನನ್ನು ತೆಳುವಾಗಿ ಸೀಳಿ ಕಪ್ಪು ನರವನ್ನು ಎಳೆದು ಬಿಸಾಡಿ. ಇದು ವಾಸ್ತವದಲ್ಲಿ ಅದರ ಕರುಳು. ತೊಳೆದ ಬಳಿಕ ಶುಭ್ರ ಬಟ್ಟೆಯಿಂದ ಒತ್ತಿ ನೀರಿನಂಶ ತೆಗೆಯಿರಿ.

ಕೊತ್ತಂಬರಿ, ಕಾಳುಮೆಣಸು, ಜೀರಿಗೆಯನ್ನು ಎಣ್ಣೆಯಿಲ್ಲದೆ ಹುರಿದು, ನೆನೆಸಿದ ಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿಯೊಡನೆ ಗಟ್ಟಿಯಾಗಿ ರುಬ್ಬಿ. ಅರಿಶಿನ, ಉಪ್ಪು, ಅಕ್ಕಿ ಹಿಟ್ಟು ಬೆರೆಸಿ ಸಿಗಡಿಗೆ ಸವರಿ 15 ನಿಮಿಷ ಫ್ರಿಜ್ಜಿನಲ್ಲಿಡಿ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಮಾಂಸ ಗಡುಸಾಗುತ್ತದೆ.

ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಮತ್ತು ಕರಿಬೇವು ಹಾಕಿ, ಸಿಗಡಿಯನ್ನು ಎರಡು ಕಂತುಗಳಲ್ಲಿ ಬಿಡಿಬಿಡಿಯಾಗಿ ಜೋಡಿಸಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯತೊಡಗುತ್ತದೆ. ಒಂದು ಬದಿ 2 ನಿಮಿಷ, ಇನ್ನೊಂದು ಬದಿ 1 ನಿಮಿಷ ಸಾಕು. ದಪ್ಪ ಸಿಗಡಿಗೆ ತುಸು ಹೆಚ್ಚು. ಮಾಂಸದ ಪಾರದರ್ಶಕತೆ ಪೂರ್ಣ ಮಾಯವಾಗಿ ಸಿಗಡಿ ಬಿಲ್ಲಿನಂತೆ ಬಾಗಿದರೆ ಹದ. ಉಂಗುರದಂತೆ ಸುರುಳಿಯಾದರೆ ಹದ ಮೀರಿ ರಬ್ಬರಿನಂತಾಗಿದೆ ಎಂದರ್ಥ.

ಕೊನೆಯದಾಗಿ

ಚಿಪ್ಪುಮೀನಿನ ಅಲರ್ಜಿ ಕೆಲವರಲ್ಲಿ ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು. ಅತಿಥಿಗಳಿಗೆ ಬಡಿಸುವ ಮೊದಲೇ ವಿಚಾರಿಸುವುದು ಕ್ಷೇಮ. ತೆಗೆದ ಚಿಪ್ಪನ್ನು ಬಿಗಿಯಾಗಿ ಸುತ್ತಿ, ಹಸಿ ಕಸದ ವಾಹನ ಬರುವವರೆಗೆ ಫ್ರೀಜರಿನಲ್ಲಿಟ್ಟರೆ ಅಪಾರ್ಟ್‌ಮೆಂಟಿನ ನೆರೆಹೊರೆಯವರಿಗೂ ದುರ್ವಾಸನೆಯ ಕಾಟವಿರುವುದಿಲ್ಲ. ಹುರಿದ ಸಿಗಡಿಯನ್ನು ಈರುಳ್ಳಿ, ನಿಂಬೆ ಹೋಳಿನೊಂದಿಗೆ ಬಿಸಿಯಿರುವಾಗಲೇ ಸವಿಯಿರಿ. ಉಳಿದರೆ ರಾತ್ರಿಯ ಗಂಜಿಗೂ ಒಳ್ಳೆಯ ಜೊತೆ.