ಸಾವನದುರ್ಗದ ಕಲ್ಲುಗೋರಿಗಳೂ ರಕ್ತದೊಳಗಿನ ಚರಿತ್ರೆಯೂ

ಮಾಗಡಿ ಎಂದರೆ ಕೆಂಪೇಗೌಡರ ಕೋಟೆ, ಸೋಮೇಶ್ವರ ದೇವಾಲಯ ಎಂದು ನಾವು ಹೇಳಿಕೊಳ್ಳುತ್ತೇವೆ. ಈ ಸೀಮೆಯ ಚರಿತ್ರೆಯಲ್ಲಿ ಜ್ವರಕ್ಕೂ ಒಂದು ಪಾತ್ರವಿತ್ತು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತು. ಆ ಸೈನ್ಯದ ಅರ್ಧ ಕಾಯಿಲೆಗೆ, ಇನ್ನರ್ಧ ಯುದ್ಧಕ್ಕೆ ಬಲಿಯಾಗುತ್ತದೆಂದು ಟಿಪ್ಪುವಿನ ಕಡೆಯವರು ನಂಬಿದ್ದರೆಂದು ಅಂದಿನ ಇಂಗ್ಲಿಷ್ ಬರಹಗಳು ಹೇಳುತ್ತವೆ. ಬೆಟ್ಟದ ಸುತ್ತಲಿನ ಬಿದಿರುಕಾಡಿಗೆ ಅಷ್ಟು ಕೆಟ್ಟ ಹೆಸರಿತ್ತು. ಆದರೆ ಡಿಸೆಂಬರ್ 21ಕ್ಕೇ ಕೋಟೆ ಬಿತ್ತು. ಜ್ವರಕ್ಕೆ ಪುರಸೊತ್ತೇ ಸಿಗಲಿಲ್ಲ.

ಹೊರಗಿನವರು ಅಂಜಿದ ಈ ಕಾಡಿನ ಮಗ್ಗುಲಲ್ಲೇ ಜನ ತಲೆಮಾರುಗಳಿಂದ ಬದುಕಿದ್ದಾರೆ. ಬೆಟ್ಟದ ಆಸುಪಾಸಿನಲ್ಲಿ ಬೃಹತ್ ಶಿಲಾಯುಗದ ಗೋರಿಗಳಿವೆ. ಬ್ರಾನ್‌ಫಿಲ್ ಎಂಬಾತ 1881ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅವುಗಳ ಬಗ್ಗೆ ಬರೆದಿದ್ದಾನೆ. ಆ ಕಲ್ಲುಗಳ ಅಡಿಯಲ್ಲಿ ಮಲಗಿದವರಿಗೆ ಮಲೇರಿಯಾ ತಡೆಯುವ ಶಕ್ತಿ ರಕ್ತದಲ್ಲೇ ಇತ್ತೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಇಂಥ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಈಗ ಇದೆ. ಒಳಕಿವಿಯನ್ನು ಸುತ್ತಿರುವ ಗಟ್ಟಿ ಮೂಳೆಯಲ್ಲಿ, ಹಲ್ಲಿನಲ್ಲಿ ಡಿಎನ್‌ಎ ಹೆಚ್ಚು ಕಾಲ ಉಳಿಯುತ್ತದೆ. ಒಂದು ಪಿಡುಗಿನ ಮೊದಲು ಸತ್ತವರನ್ನೂ ಆಮೇಲೆ ಸತ್ತವರನ್ನೂ ಹೋಲಿಸಿ, ಯಾವ ಜೀನ್ ಹೆಚ್ಚಿತು ಎಂದು ನೋಡುತ್ತಾರೆ. 14ನೇ ಶತಮಾನದ ಪ್ಲೇಗಿನ ಕಾಲದ ಲಂಡನ್ ಮತ್ತು ಡೆನ್ಮಾರ್ಕಿನ ಅಸ್ಥಿಗಳನ್ನು ಹೀಗೆ ಓದಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪ್ಲೇಗಿನಿಂದ ಕಾಪಾಡಿರಬಹುದೆಂದು ಅದು ಇಆರ್‌ಎಪಿ2 ಎಂಬ ಜೀನನ್ನು ತೋರಿಸಿತು. ಆ ಲೆಕ್ಕಾಚಾರವನ್ನು ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಹೀಗೆ ಹೆಚ್ಚುವ ಜೀನಿನ ಹಿಂದೆ, ಅದಿಲ್ಲದೆ ಸತ್ತವರ ಲೆಕ್ಕವೂ ಅಡಗಿರುತ್ತದೆ.

ನಮ್ಮ ನೆಲದ ಕಷ್ಟ ಬೇರೆ. ಬಿಸಿಲೂ ತೇವವೂ ಡಿಎನ್‌ಎಯನ್ನು ಚೂರುಚೂರು ಮಾಡುತ್ತವೆ. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿ, 2019ರಲ್ಲಿ ಒಬ್ಬಳೇ ಹೆಂಗಸಿನ ಜೀನೋಮನ್ನು ಕೊಡಲು ಸಾಧ್ಯವಾಯಿತು. ಆದರೆ ನೇಪಾಳದ ಎತ್ತರದ ಚೋಖೋಪಾನಿಯಲ್ಲಿ, ಸುಮಾರು 2,800 ವರ್ಷ ಹಿಂದೆ ಸತ್ತವನ ದೇಹದಲ್ಲಿ ಮಲೇರಿಯಾ ಪರಾವಲಂಬಿಯ ಡಿಎನ್‌ಎಯೇ ಸಿಕ್ಕಿತು. ಸೊಳ್ಳೆ ಬದುಕಲಾರದ ಚಳಿಯ ಊರಿಗೆ ಆತ ಬಯಲಿನಿಂದ ಜ್ವರ ಹೊತ್ತು ತಂದಿರಬೇಕು. ಮಲೇರಿಯಾದ ಸಾಕ್ಷ್ಯವನ್ನು ಚಳಿ ಉಳಿಸಿತು. ಮಲೇರಿಯಾ ಇದ್ದ ನಮ್ಮ ಸೆಕೆಯ ನಾಡು ಉಳಿಸಲಿಲ್ಲ.

ಹಾಗಾಗಿ ಇಲ್ಲಿ ಬದುಕಿರುವವರ ರಕ್ತವೇ ದಾಖಲೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಗುಣವನ್ನು ಗುರುತಿಸಿದರು. 1954ರಲ್ಲಿ ಆಂಟನಿ ಆಲಿಸನ್ ಆಫ್ರಿಕದ ಅಧ್ಯಯನದಿಂದ ಅದರ ಗುಟ್ಟು ತೋರಿಸಿದ. ಈ ಜೀನ್ ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ರಕ್ಷಣೆ. ಇಬ್ಬರಿಂದಲೂ ಬಂದರೆ ಮಗುವಿಗೆ ಜೀವಮಾನದ ನೋವು. ಭಾರತದಲ್ಲಿ ಕಾಣುವ ಬಗೆಗೂ ಅರೇಬಿಯದ ಪೂರ್ವಭಾಗದ ಬಗೆಗೂ ಹೋಲಿಕೆಯಿದೆ. ಅದು ಇಲ್ಲೇ ಹುಟ್ಟಿತೇ, ವಲಸೆಯಲ್ಲಿ ಬಂತೇ ಎಂಬುದನ್ನು ತೀರ್ಮಾನಿಸಲು ಕಾಲ ಗೊತ್ತಿರುವ ಹಳೆಯ ಅಸ್ಥಿಯೊಂದು ದೊಡ್ಡ ಸಾಕ್ಷಿಯಾದೀತು.

ಇಲ್ಲೊಂದು ಎಚ್ಚರ ಬೇಕು. ಮಾಗಡಿ, ರಾಮನಗರ, ಕನಕಪುರದ ಬೆಟ್ಟಗಳಲ್ಲಿ ಇರುಳಿಗರಿದ್ದಾರೆ, ನೀಲಗಿರಿಯಲ್ಲಿ ಇರುಳರು. ಹೆಸರು ಹತ್ತಿರವೆಂದು ರಕ್ತವೂ ಒಂದೇ ಎಂದು ಹೇಳುವಂತಿಲ್ಲ. ಕಲ್ಲುಗೋರಿ ಕಟ್ಟಿದವರು ಇವರ ಹಿರಿಯರೇ ಎಂದು ಊಹೆಯಿಂದ ಪಟ್ಟ ಕಟ್ಟುವಂತೆಯೂ ಇಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನ ಅಭಿಯಾನ ಆರಂಭಿಸಿತು. ಅದರ ರಕ್ತಪರೀಕ್ಷೆಯ ಫಲ ಮೊದಲು ತಲುಪಬೇಕಾದದ್ದು ಸೂಜಿಗೆ ಕೈ ಒಡ್ಡಿದವರಿಗೆ, ಅವರಿಗೆ ತಿಳಿಯುವ ಮಾತಿನಲ್ಲಿ. ಮದುವೆಯ ಹೊತ್ತಿಗೆ, ಮಗುವಿನ ನೋವಿನ ಹೊತ್ತಿಗೆ ಅದು ಅವರಿಗೇ ಬೇಕಾಗುತ್ತದೆ. ಅದನ್ನು ನಾವು ಚರಿತ್ರೆಯೆಂದು ಬರೆದುಕೊಳ್ಳುವುದು ಆಮೇಲಿನ ಕೆಲಸ.