ಮದ್ದಿಗೆ ಬಗ್ಗದ ಕ್ಷಯ: ಒಂದು ಪರೀಕ್ಷೆಯ ಚರಿತ್ರೆ



ಗಡಿನಾಡಿನ ನಮಗೆ ಒಂದೊಂದು ವಸ್ತುವಿಗೂ ಎರಡೆರಡು ಹೆಸರು ಬಾಯಿಗೆ ಬರುತ್ತವೆ. ಆದರೆ ಒಂದು ರೋಗದ ಹೆಸರು ಮಾತ್ರ ಗಡಿ ದಾಟಿದರೂ ಅಷ್ಟಾಗಿ ಬದಲಾಗುವುದಿಲ್ಲ. ಕನ್ನಡದಲ್ಲಿ ಕ್ಷಯ, ತೆಲುಗಿನಲ್ಲಿ ಕ್ಷಯ, ಮರಾಠಿಯಲ್ಲಿ ಕ್ಷಯ, ಮಲಯಾಳದಲ್ಲಿ ಕ್ಷಯಂ. ಸವೆಯುವುದು ಎಂದು ಅದರ ಅರ್ಥ. ಹೆಸರು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳುವವರು ಕಡಿಮೆ. ‘ಹಳೇ ಕೆಮ್ಮು’ ಎಂದು ಹೇಳಿ ಮಾತು ಮುಗಿಸುತ್ತಾರೆ. ಇಂದು ನಾನು ಹೇಳಹೊರಟಿರುವುದು ಆ ರೋಗದಲ್ಲೇ ಹೆಚ್ಚು ಕೆಟ್ಟದಾದ ಒಂದು ಬಗೆಯ ವಿಚಾರ. ಸಾಮಾನ್ಯ ಗುಳಿಗೆಗಳಿಗೆ ಬಗ್ಗದ ಕ್ಷಯವನ್ನು ಗುರುತಿಸಲು ಹಿಂದೆ ಎಷ್ಟು ಕಾಲ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬುದರ ಚರಿತ್ರೆ ಇದು.

1882ನೇ ಇಸವಿ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯ ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದಿದ್ದಾಗಿ ಪ್ರಕಟಿಸಿದ. ಅಂದಿನಿಂದ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಬೆಳೆಯಿತು. ಆದರೆ ಕಂಡುಹಿಡಿದು ಮಾಡುವುದೇನು? ಅರವತ್ತು ವರ್ಷ ಮದ್ದೇ ಇರಲಿಲ್ಲ. ನಮ್ಮ ರಾಯಲಸೀಮೆಯವರಿಗೆ ಮದನಪಲ್ಲಿ ಹತ್ತಿರದ ಆರೋಗ್ಯವರಂ ಗೊತ್ತಿದ್ದೀತು. 1915ರಲ್ಲಿ ಅಲ್ಲಿ ಕ್ಷಯದ ಆಸ್ಪತ್ರೆ ಶುರುವಾದಾಗ ಕೊಡಬಹುದಾಗಿದ್ದ ಚಿಕಿತ್ಸೆ ಮುಖ್ಯವಾಗಿ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ, ಅಷ್ಟೇ.

ಮದ್ದು ಸಿಕ್ಕಿದ್ದು 1943ರಲ್ಲಿ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದ. 1952ರ ನೊಬೆಲ್ ಬಹುಮಾನ ಅವನ ಗುರು ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ನನ್ನನ್ನು ಕೇಳಿದರೆ ಅದು ನ್ಯಾಯವಲ್ಲ, ಆ ಮಾತು ಇರಲಿ. ಈ ಮದ್ದನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿ 1948ರಲ್ಲಿ ವರದಿ ಪ್ರಕಟಿಸಿದರು. ಮದ್ದು ಪಡೆದ 55 ಜನರಲ್ಲಿ ಆರು ತಿಂಗಳೊಳಗೆ ಸತ್ತವರು 4. ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಎಲ್ಲರೂ ಹಿಗ್ಗಿದರು. ಆದರೆ ಐದು ವರ್ಷದ ಬಳಿಕ ಲೆಕ್ಕ ನೋಡಿದಾಗ ಮೊದಲಿನವರಲ್ಲಿ 32, ಎರಡನೆಯವರಲ್ಲಿ 35 ಮಂದಿ ತೀರಿಕೊಂಡಿದ್ದರು. ಹೆಚ್ಚುಕಡಿಮೆ ಸಮಸಮ. ಮದ್ದು ನಾಟುವುದು ನಿಂತುಹೋಗಿತ್ತು.

ಯಾಕೆ ಹೀಗಾಯಿತು? ‘ಮೈಗೆ ಮದ್ದು ಒಗ್ಗಿಹೋಯಿತು’ ಎಂದು ನಮ್ಮಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಬದಲಾಗುವುದು ನಮ್ಮ ಮೈಯಲ್ಲ, ರೋಗಾಣು. ಶ್ವಾಸಕೋಶದ ಒಂದು ಹುಣ್ಣಿನ ಗುಳಿಯಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಅವು ಇಬ್ಭಾಗವಾಗುತ್ತ ಹೋದಂತೆ ತಮ್ಮ ವಂಶವಾಹಿಯ ಅಕ್ಷರಗಳನ್ನು ನಕಲು ಮಾಡುತ್ತವೆ. ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪೇ ಕೆಲವಕ್ಕೆ ರಕ್ಷೆಯಾಗುತ್ತದೆ. ಒಂದೇ ಮದ್ದು ಕೊಟ್ಟರೆ ಉಳಿದವೆಲ್ಲ ಸತ್ತು, ಬದುಕಿದ ಆ ಕೆಲವೇ ಮತ್ತೆ ಕೋಟಿಯಾಗುತ್ತವೆ. ಎರಡು ಮೂರು ಮದ್ದು ಒಟ್ಟಿಗೆ ಕೊಟ್ಟರೆ, ಎಲ್ಲಕ್ಕೂ ಬಗ್ಗದ ಅಣು ಇರುವುದು ಅಪರೂಪ. ಅದಕ್ಕಾಗಿಯೇ ಡಾಕ್ಟರು ಮುಷ್ಟಿ ತುಂಬ ಗುಳಿಗೆ ಕೊಡುವುದು. 1952ರಲ್ಲಿ ಐಸೋನಿಯಾಜಿಡ್ ಬಂತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರವು, ಮನೆಯಲ್ಲೇ ಇದ್ದು ಗುಳಿಗೆ ನುಂಗಿದರೂ ಆಸ್ಪತ್ರೆಯಷ್ಟೇ ಗುಣವಾಗುತ್ತದೆಂದು 1959ರಲ್ಲಿ ಜಗತ್ತಿಗೇ ತೋರಿಸಿಕೊಟ್ಟಿತು. 1960ರ ದಶಕದಲ್ಲಿ ರಿಫಾಂಪಿಸಿನ್ ಬಂದ ಮೇಲೆ ಚಿಕಿತ್ಸೆ ಕ್ರಮೇಣ ಆರು ತಿಂಗಳಿಗೆ ಇಳಿಯಿತು. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ. ಮೂತ್ರವನ್ನು ಕೆಂಪಗೆ ಮಾಡುವ ಮದ್ದು ಅದೇ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದಿದ್ದರೆ ಅದನ್ನು ಎಂ.ಡಿ.ಆರ್. ಕ್ಷಯ ಎನ್ನುತ್ತಾರೆ.

ಈಗ ಪರೀಕ್ಷೆಯ ವಿಚಾರಕ್ಕೆ ಬರೋಣ. ಸೂಕ್ಷ್ಮದರ್ಶಕದಲ್ಲಿ ಬಗ್ಗುವ ರೋಗಾಣುವೂ ಬಗ್ಗದ ರೋಗಾಣುವೂ ಒಂದೇ ತೆರನಾದ ಕೆಂಪು ಕಡ್ಡಿ. ಬೇರೆ ಮಾಡಿ ನೋಡಬೇಕಾದರೆ ಪ್ರಯೋಗಾಲಯದಲ್ಲಿ, ಮೊಟ್ಟೆ ಬೆರೆಸಿದ ಪಾಕದ ಮೇಲೆ ಅದನ್ನು ಬೆಳೆಸಬೇಕು. ಬೇರೆ ಕೆಲವು ರೋಗಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಕ್ಷಯದ್ದು ದಿನಕ್ಕೆ ಹೆಚ್ಚುಕಡಿಮೆ ಒಂದೇ ಸಲ. ಬೆಳೆ ಕಣ್ಣಿಗೆ ಕಾಣಲು ಆರರಿಂದ ಎಂಟು ವಾರ. ಆಮೇಲೆ ಮದ್ದು ಬೆರೆಸಿದ ಪಾಕದಲ್ಲಿ ಮತ್ತೆ ಬೆಳೆಸಿ ನೋಡಲು ಇನ್ನಷ್ಟು ವಾರ. ಅಷ್ಟರವರೆಗೆ ರೋಗಿ ನಾಟದ ಗುಳಿಗೆ ನುಂಗುತ್ತ, ಅದೇ ಕೋಣೆಯಲ್ಲಿ ಮಕ್ಕಳ ಪಕ್ಕ ಮಲಗಿ ಕೆಮ್ಮುತ್ತಿರುತ್ತಾನೆ.

ಈ ವಾರಗಳ ಬೆಲೆ ಏನೆಂದು ತಿಳಿಯಬೇಕಾದರೆ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕು. ಕ್ವಾಜುಲು-ನಟಾಲ್ ಪ್ರಾಂತದ ಟುಗೇಲಾ ಫೆರಿ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ 2005 ಮತ್ತು 2006ರಲ್ಲಿ ಬಹುತೇಕ ಯಾವ ಮದ್ದಿಗೂ ಬಗ್ಗದ ಕ್ಷಯ 53 ಜನರಲ್ಲಿ ಕಂಡುಬಂತು. ಪರೀಕ್ಷೆಗೊಳಗಾದವರೆಲ್ಲರಿಗೂ ಎಚ್.ಐ.ವಿ. ಸೋಂಕು ಇತ್ತು. 53 ಜನರಲ್ಲಿ 52 ಮಂದಿ ಸತ್ತರು. ಕಫ ಕೊಟ್ಟ ದಿನದಿಂದ ಎಣಿಸಿದರೆ ಅರ್ಧದಷ್ಟು ಜನ 16 ದಿನಕ್ಕಿಂತ ಹೆಚ್ಚು ಬದುಕಲಿಲ್ಲ. ಕಫದ ಡಬ್ಬಿ ಪ್ರಯೋಗಾಲಯದಲ್ಲಿ ಇನ್ನೂ ಬೆಳೆಯುತ್ತಿತ್ತು. ಕಫ ಕೊಟ್ಟವನು ಮಣ್ಣಿಗೆ ಸೇರಿದ್ದ.

ಬೆಳೆಸುವುದನ್ನೇ ಬಿಟ್ಟು, ರೋಗಾಣುವಿನ ವಂಶವಾಹಿಯಲ್ಲಿ ತಪ್ಪಿದ ಅಕ್ಷರವನ್ನೇ ನೇರವಾಗಿ ಓದಿದರೆ? ಇದಕ್ಕೆ ದಾರಿ ಮಾಡಿದ್ದು ಎರಡು ಸಂಶೋಧನೆ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್, ಒಂದು ಚೂರು ಡಿ.ಎನ್.ಎ.ಯನ್ನು ಕೆಲವೇ ಗಂಟೆಗಳಲ್ಲಿ ಕೋಟಿ ಪಾಲು ಹೆಚ್ಚಿಸುವ ಪಿ.ಸಿ.ಆರ್. ಉಪಾಯ ಕಂಡುಹಿಡಿದ. 1993ರಲ್ಲಿ ಸ್ವಿಟ್ಜರ್ಲೆಂಡಿನ ತೆಲೆಂಟಿ ಮತ್ತು ಸಂಗಡಿಗರು, ರಿಫಾಂಪಿಸಿನ್‌ಗೆ ಬಗ್ಗದ ತಳಿಗಳಲ್ಲಿ ಬಹುಪಾಲಿನ ತಪ್ಪು ಒಂದೇ ಜಾಗದಲ್ಲಿದೆ ಎಂದು ತೋರಿಸಿದರು. ಈ ರೋಗಾಣುವಿನ ಇಡೀ ಪುಸ್ತಕದಲ್ಲಿ 44 ಲಕ್ಷ ಅಕ್ಷರಗಳಿವೆಯೆಂದು 1998ರಲ್ಲಿ ಎಣಿಕೆಯಾಯಿತು. ಅದರಲ್ಲಿ ನೋಡಬೇಕಾದದ್ದು 81 ಅಕ್ಷರ ಮಾತ್ರ! ನೂರರಲ್ಲಿ ಸುಮಾರು 95 ತಪ್ಪುಗಳು ಅಷ್ಟರೊಳಗೇ ಇರುತ್ತವೆ.

ನಾವು ಬ್ಯಾಂಕಿನಲ್ಲಿ ಚೆಕ್ಕು ಬಂದರೆ ಮಾದರಿ ಸಹಿಯೊಂದಿಗೆ ತಾಳೆ ನೋಡುತ್ತಿದ್ದೆವಲ್ಲ, ಇದೂ ಅದೇ ಕೆಲಸ. ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರದ ಮೊದಲ ಕ್ಷಯದ ಡಬ್ಬಿಯಲ್ಲಿ ಆ 81 ಅಕ್ಷರಗಳನ್ನು ಹಂಚಿಕೊಂಡ ಐದು ತುಣುಕುಗಳಿದ್ದವು. ತನ್ನ ಪಾಲಿನ ಅಕ್ಷರ ತಾಳೆಯಾದರೆ ತುಣುಕು ಬೆಳಗುತ್ತದೆ. ಐದೂ ಬೆಳಗಿದರೆ ರಿಫಾಂಪಿಸಿನ್ ನಾಟುತ್ತದೆ. ಒಂದು ಕತ್ತಲಾದರೆ ಸಹಿ ತಪ್ಪಿದೆ ಎಂದರ್ಥ. ಎರಡು ಗಂಟೆಯೊಳಗೆ ಉತ್ತರ. ಈ ಯಂತ್ರಕ್ಕೂ ಅಂಚೆಗೂ ನಂಟಿದೆ ಎಂದರೆ ನಂಬುತ್ತೀರಾ? 2001ರಲ್ಲಿ ಅಮೆರಿಕದಲ್ಲಿ ಕಾಗದದ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಕಳುಹಿಸಿ ಐವರು ಸತ್ತ ಬಳಿಕ, ಟಪಾಲು ವಿಂಗಡಿಸುವ ಕಚೇರಿಗಳಲ್ಲಿ ಗಾಳಿ ಪರೀಕ್ಷಿಸಲು ಇದೇ ಕಂಪನಿಯ ಯಂತ್ರಗಳನ್ನು ಇಟ್ಟಿದ್ದರು. ಆ ವಿದ್ಯೆಯೇ ಬಡವರ ಕೆಮ್ಮಿಗೂ ಬಂತು. ಮುಂಬಯಿ ಸೇರಿದಂತೆ ಹಲವು ಕಡೆ 1730 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2010ರಲ್ಲಿ ಪ್ರಕಟವಾಯಿತು. ಅದೇ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿತು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನು ಸಿಬಿನಾಟ್ ಎನ್ನುತ್ತಾರೆ.

ಆದರೆ ಅದಕ್ಕೆ ನಿಲ್ಲದ ಕರೆಂಟು ಬೇಕು, ತಂಪು ಕೋಣೆ ಬೇಕು. ನಮ್ಮ ಹಳ್ಳಿಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಇಲ್ಲಿ ನಮ್ಮವರ ಕೈವಾಡ ಹೇಳಲೇಬೇಕು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವಾದ ಮೋಲ್ಬಯೋ ಕಂಪನಿಯಿಂದ ಬಂದ ಟ್ರೂನಾಟ್ ಎಂಬ ಚಿಕ್ಕ ಯಂತ್ರ ಬ್ಯಾಟರಿಯಲ್ಲೇ ನಡೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಇಡಬಹುದು. ಕ್ಷಯ ಇದೆಯೇ ಎಂಬುದಕ್ಕೆ ಒಂದು ಗಂಟೆ, ರಿಫಾಂಪಿಸಿನ್ ನಾಟುತ್ತದೆಯೇ ಎಂಬುದಕ್ಕೆ ಇನ್ನೊಂದು ಗಂಟೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಒಪ್ಪಿತು. ಆ ವರ್ಷವೇ ಕೊರೋನಾ ಬಂದು, ಕ್ಷಯಕ್ಕೆಂದು ಇದ್ದ ಎಷ್ಟೋ ಯಂತ್ರಗಳು ಅದರ ಕೆಲಸಕ್ಕೆ ಹೋದವು.

ಯಂತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಸ್ವಾಜಿಲ್ಯಾಂಡಿನ, ಅಂದರೆ ಈಗಿನ ಎಸ್ವಾಟಿನಿಯ, 2009ರ ಸಮೀಕ್ಷೆಯ ಎಂ.ಡಿ.ಆರ್. ತಳಿಗಳಲ್ಲಿ ನೂರಕ್ಕೆ ಸುಮಾರು 30ರಲ್ಲಿ ತಪ್ಪಿದ ಅಕ್ಷರ ಆ 81ರ ಗಡಿಯ ಆಚೆಗಿತ್ತು. ಐದೂ ದೀಪ ಬೆಳಗುತ್ತವೆ, ಮದ್ದು ಮಾತ್ರ ನಾಟುವುದಿಲ್ಲ. ಐಸೋನಿಯಾಜಿಡ್ ಒಂದಕ್ಕೇ ಬಗ್ಗದ ಕ್ಷಯವನ್ನು ಹಿಡಿಯಲು ಬೇರೆ ಪರೀಕ್ಷೆ ಬೇಕು. ಸತ್ತ ರೋಗಾಣುವಿನ ಡಿ.ಎನ್.ಎ.ಯನ್ನೂ ಯಂತ್ರ ಗುರುತಿಸುವುದರಿಂದ, ಗುಣವಾಗುತ್ತಿದೆಯೇ ಎಂದು ನೋಡಲು ಇದು ತಕ್ಕದ್ದಲ್ಲ. ಅದಕ್ಕೆ ಹಳೆಯ ಸೂಕ್ಷ್ಮದರ್ಶಕ ಮತ್ತು ಬೆಳೆಸುವ ಪದ್ಧತಿಯೇ ಗತಿ. ಇನ್ನು, ರಕ್ತ ತೆಗೆದು ಕ್ಷಯ ಹೇಳುತ್ತೇವೆಂದು ಹಣ ಪಡೆಯುತ್ತಿದ್ದ ಪ್ರತಿಕಾಯ ಪರೀಕ್ಷೆಗಳನ್ನು ಭಾರತ ಸರಕಾರ 2012ರಲ್ಲೇ ನಿಷೇಧಿಸಿದೆ.

ಎರಡು ವಾರ ದಾಟಿದ ಕೆಮ್ಮು ಮನೆಯಲ್ಲಿದ್ದರೆ, ಗಡಿಯ ಈ ಕಡೆ ಇರಲಿ ಆ ಕಡೆ ಇರಲಿ, ಸರಕಾರಿ ಆಸ್ಪತ್ರೆಯಲ್ಲಿ ಕಫ ಕೊಡಿ, ಕಾಸಿಲ್ಲ. ಉಗುಳಲ್ಲ, ಬೆಳಿಗ್ಗೆ ಎದ್ದು ಆಳದಿಂದ ಕೆಮ್ಮಿ ತೆಗೆದ ಕಫ. ರೋಗ ಖಚಿತವಾದರೆ ನಿಕ್ಷಯ್ ಎಂಬ ಲೆಕ್ಕದಲ್ಲಿ ಒಂದು ಸಂಖ್ಯೆ ಕೊಡುತ್ತಾರೆ. ಕೂಲಿಗೆಂದು ಬೇರೆ ರಾಜ್ಯಕ್ಕೆ ಹೋಗುವವರು ಅದನ್ನು ಬರೆದಿಟ್ಟುಕೊಂಡರೆ ಚಿಕಿತ್ಸೆಯನ್ನು ಅಲ್ಲಿಗೆ ವರ್ಗ ಮಾಡಿಸಬಹುದು. ಚೀಟಿ ಕೈಗೆ ಬಂದಾಗ ಅದರಲ್ಲಿ ಎರಡು ಸಾಲು ನೋಡಿ. ಮೊದಲ ಸಾಲು ಕ್ಷಯ ಇದೆಯೋ ಇಲ್ಲವೋ ಎಂಬುದು. ಎರಡನೆಯದರಲ್ಲಿ ‘ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್’ ಎಂದಿದ್ದರೆ ಗಾಬರಿಯಾಗಬೇಡಿ, ಮದ್ದು ನಾಟುತ್ತದೆ ಎಂದೇ ಅದರ ಅರ್ಥ. ‘ಡಿಟೆಕ್ಟೆಡ್’ ಎಂದಷ್ಟೇ ಇದ್ದರೆ ಅದೇ ದಿನ ಡಾಕ್ಟರನ್ನು ಕಂಡು, ಮುಂದೆ ಯಾವ ಪರೀಕ್ಷೆ, ಯಾವ ಮದ್ದು ಎಂದು ಕೇಳಿ. ಹಿಂದೆ ಅದಕ್ಕೆ ಒಂದೂವರೆ ಎರಡು ವರ್ಷ ಚುಚ್ಚುಮದ್ದು, ಗುಳಿಗೆ ಎಲ್ಲ ಬೇಕಾಗಿತ್ತು, ಕೆಲವರ ಕಿವಿಯೂ ಹೋಗುತ್ತಿತ್ತು. ಬೆಡಾಕ್ವಿಲಿನ್ ಸೇರಿದ ಆರು ತಿಂಗಳ ಗುಳಿಗೆ ಚಿಕಿತ್ಸೆಗೆ ನಮ್ಮ ದೇಶ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಯಾರಿಗೆ ಆಗುತ್ತದೆ, ಯಾರಿಗೆ ಆಗದು ಎಂಬುದನ್ನು ಡಾಕ್ಟರೇ ಹೇಳಬೇಕು.